ಗದ್ದದ ಕೆಳಗೆ ನಿಂತ ಕತ್ತಿ

ಆಸ್ಪತ್ರೆಯ ಹಾಸಿಗೆಯ ಪಕ್ಕಕ್ಕೆ ಹಣ್ಣಿನ ಚೀಲ ಹಿಡಿದು ಬರುವ ವಿಮಾ ಕಂಪನಿಯ ಮನುಷ್ಯ ನಿಮ್ಮ ಕಡೆಯವನಲ್ಲ. ಅವನು ನಯವಾಗಿ ಮಾತಾಡಲಿ, ನಿಮ್ಮ ತಾಯಿಯ ಮಂಡಿನೋವು ವಿಚಾರಿಸಲಿ, ದಿಂಬು ಸರಿಮಾಡಿ ಕೊಡಲಿ, ಅವನ ಸಂಬಳ ಬರುವುದು ನಿಮಗೆ ಗುದ್ದಿದ ಗಾಡಿಯ ಕಡೆಯಿಂದ. ಇದು ಎಲ್ಲರಿಗೂ ಗೊತ್ತಿರಬೇಕಾದ ಮಾತು. ನಮ್ಮ ಬೀದಿಯ ಕ್ಷೌರದಂಗಡಿಯವನಿಗೆ ಗೊತ್ತಿರಲಿಲ್ಲ.

ಅವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಬೆಣ್ಣೆಕೈ ಎನ್ನುತ್ತಾರೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಂದು ನಾವು ಬಾಯಿಮಾತಿಗೆ ಹೇಳುವುದನ್ನು ಅವನು ಕೈಯಲ್ಲಿ ಮಾಡಿ ತೋರಿಸುತ್ತಿದ್ದ. ಕುರ್ಚಿಯಲ್ಲಿ ತೂಕಡಿಸಿದವರು ಎಚ್ಚೆತ್ತು, "ಶುರು ಮಾಡಪ್ಪಾ, ಹೊತ್ತಾಯ್ತು" ಎಂದಾಗ ಅವನು ಆಗಲೇ ಕತ್ತಿ ತೊಳೆದು ಒರೆಸುತ್ತಿರುತ್ತಿದ್ದ. ಕೆಲಸದ ಸಂದರ್ಶನಕ್ಕೆ ಹೋಗುವ ಹುಡುಗರು, ಆಪರೇಷನ್ನಿಗೆ ಹೊರಟ ಮುದುಕರು, ಯಾರಿಗೇ ಮುಖ ನಯವಾಗಬೇಕಾದರೂ ಕುತ್ತಿಗೆ ತಂದು ಒಡ್ಡುತ್ತಿದ್ದದ್ದು ಅವನೆದುರಿಗೆ.

ಒಂದು ಮಧ್ಯಾಹ್ನ ಅವನು ಟವೆಲ್ ಬಟ್ಟೆ ಕೊಂಡು ಗೋದಾಮಿನ ಪಕ್ಕದ ಓಣಿಯಲ್ಲಿ ಬರುತ್ತಿದ್ದ. ಸಾಮಾನಿನ ವ್ಯಾನೊಂದು ಗೇಟಿನಿಂದ ಹಿಂದಕ್ಕೆ ಬಂತು. ಹಿಂದೆ ನಿಂತು ದಾರಿ ನೋಡಬೇಕಾದವನು ನಿಂತಿರಲಿಲ್ಲ. ವ್ಯಾನಿಗೂ ಗೋಡೆಗೂ ನಡುವೆ ಅವನ ಬಲಭುಜ ಸಿಕ್ಕಿಕೊಂಡಿತು. ಮೂಳೆ ಕೂಡಿಕೊಂಡಿತು. ಒಳಗಿನ ನರ ಕೂಡಿಕೊಳ್ಳಲಿಲ್ಲ.

ಹಣ್ಣಿನ ಚೀಲದವನು ಬಂದದ್ದು ಆಸ್ಪತ್ರೆಗೇ. "ಈಗ ಹೇಗಿದ್ದೀರಿ?" ಎಂದು ಕೇಳಿದ.

"ಏನೂ ಇಲ್ಲ ಸಾರ್, ಚೆನ್ನಾಗಿದ್ದೀನಿ" ಎಂದ ಬೆಣ್ಣೆಕೈ. ಡಾಕ್ಟರು ಕೇಳಿದಾಗಲೂ ಅದನ್ನೇ ಹೇಳಿದ. ಸುಳ್ಳು ಹೇಳಬೇಕೆಂದಲ್ಲ. ಕೈ ನೋವು ಎಂದು ನಾಲ್ಕು ಜನರ ಮುಂದೆ ಅಂದುಬಿಟ್ಟ ಕ್ಷೌರಿಕನ ಅಂಗಡಿಗೆ ಐದನೆಯವನು ಬರುವುದಿಲ್ಲ. ಆ ಕಸುಬಿನವರು ಕತ್ತಿ ಹಿಡಿಯುವುದರ ಜೊತೆಗೇ 'ಚೆನ್ನಾಗಿದ್ದೀನಿ' ಅನ್ನುವುದನ್ನೂ ಕಲಿಯುತ್ತಾರೆ. ಎರಡೂ ಕಡೆ ಅದು ಬರಹಕ್ಕಿಳಿಯಿತು: ರೋಗಿಗೆ ತೊಂದರೆ ಇಲ್ಲ.

ಅಂಗಡಿ ಮತ್ತೆ ತೆರೆದ ಮೇಲೆ ತೊಂದರೆ ಏನೆಂದು ಗೊತ್ತಾಯಿತು. ಕೈ ಕೆಳಗಿದ್ದರೆ ಏನೂ ಇಲ್ಲ. ಎತ್ತಿ ಹಿಡಿದು ಸ್ವಲ್ಪ ಹೊತ್ತಾದರೆ ಭುಜದೊಳಗೆ ಎಲ್ಲೋ ಹುಟ್ಟಿ, ಮಣಿಕಟ್ಟಿಗಿಳಿದು, ಬೆರಳ ತುದಿಯಲ್ಲಿ ನಡುಕ. ಅವನು ಮೊಣಕೈಯನ್ನು ಕುರ್ಚಿಯ ಬೆನ್ನಿಗೆ ಊರಿ ಕೆಲಸ ಮಾಡಲು ಕಲಿತ. ಕಿರುಬೆರಳನ್ನು ಗಿರಾಕಿಯ ದವಡೆಗೆ ಆನಿಸಿಕೊಂಡ. ಗಡ್ಡ ಎಂದು ಬಂದವರಿಗೆ, "ಕತ್ತಿ ಸಾಣೆಗೆ ಕೊಟ್ಟಿದ್ದೀನಿ, ಮಿಷನ್ನಲ್ಲಿ ಮಾಡಿಬಿಡ್ತೀನಿ" ಎಂದ. ಎಷ್ಟು ದಿನ ಸಾಣೆಯಲ್ಲೇ ಇರುತ್ತದೆ ಒಂದು ಕತ್ತಿ?

ಹೆಂಡತಿಯನ್ನು ಯಾಮಾರಿಸಲು ಆಗಲಿಲ್ಲ. ಆಕೆ ಸಮವಸ್ತ್ರ ಹೊಲಿಯುವ ಶೆಡ್ಡಿನಲ್ಲಿ ದಿನವಿಡೀ ಗುಂಡಿ ಹಚ್ಚುವವಳು, ಬೆರಳುಗಳ ಮೇಲೆ ಕಣ್ಣಿಟ್ಟೇ ಅಭ್ಯಾಸ.

"ರೀ, ಅರ್ಧ ಲೋಟ ಕಾಫಿ ಕುಡಿಯೋ ಗಂಡಸಲ್ಲ ನೀವು. ಈಗ ತುಂಬಿಸಿ ಕೊಟ್ರೆ ಅಲ್ಲೇ ಬಿಟ್ಟು ಹೋಗ್ತೀರಿ. ಏನಾಗಿದೆ?"

"ಏನಿಲ್ಲ."

"ಆ 'ಏನಿಲ್ಲ'ನ ಗಿರಾಕಿಗಳಿಗೆ ಇಟ್ಕೊಳ್ಳಿ."

ಆಗ ಅವನು ಲೋಟ ಎತ್ತಿ ಹಿಡಿದು ತೋರಿಸಿದ. ಕಾಫಿ ಚೆಲ್ಲುವವರೆಗೂ ಇಬ್ಬರೂ ನೋಡುತ್ತ ನಿಂತರು.

ಮರುದಿನ ಅವಳ ಅಣ್ಣ ಬಂದ. ಎಲ್ಲ ಮನೆಗೂ ಒಬ್ಬ ಇಂಥ ಭಾವ ಇರುತ್ತಾನೆ. ಅವನಿಗೆ ಗೊತ್ತಿಲ್ಲದ ಕಚೇರಿ ಇಲ್ಲ, ಆಗಿಸಿಕೊಟ್ಟ ಕೆಲಸವೂ ಇಲ್ಲ.

"ವಕೀಲ ರೆಡಿ ಇದ್ದಾನೆ. ಆಸ್ಪತ್ರೆ ಗೇಟಲ್ಲೇ ಸಿಗ್ತಾನೆ. ಖಾಲಿ ಹಾಳೆಗೆ ಸೈನ್ ಹಾಕಿದ್ರೆ ಮುಗೀತು, ನೀವು ಕೋರ್ಟ್ ಕಡೆ ತಲೆ ಹಾಕೋದೇ ಬೇಡ."

"ಖಾಲಿ ಹಾಳೆಗೆ ಹಾಕೋದಾದ್ರೆ ಆ ಕಂಪನಿಯವನಿಗೇ ಹಾಕಬಹುದಲ್ಲ ಅಣ್ಣ" ಎಂದಳು ತಂಗಿ. "ಅವನಾದ್ರೂ ಹಣ್ಣು ತಂದಿದ್ದ."

ಆಕೆಯ ಶೆಡ್ಡಿನಲ್ಲಿ ಬೆರಳಿಗೆ ಸೂಜಿ ಹೊಕ್ಕ ಹೆಂಗಸೊಬ್ಬಳ ಕೇಸು ನಡೆಸಿದ ವಕೀಲೆಯೊಬ್ಬರಿದ್ದರು. ಸೈಕಲ್ ಅಂಗಡಿಯ ಮೇಲಿನ ಒಂಟಿ ಕೋಣೆ. ಮೂವರೂ ಹೋದರು. ಮೆಟ್ಟಿಲ ತುಂಬ ಟ್ಯೂಬಿಗೆ ಹಚ್ಚುವ ಅಂಟಿನ ವಾಸನೆ. ಕುರ್ಚಿ ಎರಡೇ ಇದ್ದದ್ದರಿಂದ ಭಾವ ನಿಂತುಕೊಂಡ. ಅದೇ ಅವನಿಗೆ ಅವಮಾನವಾಯಿತು.

"ಮೊದಲೇ ಕೇಳಿಬಿಡ್ತೀನಿ ಮೇಡಂ, ಬೇಜಾರು ಮಾಡ್ಕೋಬೇಡಿ. ನೀವೆಷ್ಟು ತಗೋತೀರಿ?" ಎಂದಳು ಹೆಂಡತಿ.

"ಕೇಳದಿದ್ರೆ ಬೇಜಾರಾಗ್ತಿತ್ತು. ಫೀಸು, ಕೋರ್ಟು ಖರ್ಚು ಎರಡನ್ನೂ ಬೇರೆ ಬೇರೆ ಬರೆದು ಕೊಡ್ತೀನಿ. ಸೋತ್ರೆ ಏನು ಅನ್ನೋದೂ ಅದರಲ್ಲೇ ಇರತ್ತೆ. ಮನೆಗೆ ತಗೊಂಡು ಹೋಗಿ ಓದಿ. ಇವತ್ತೇ ಸೈನ್ ಹಾಕಿ ಅನ್ನೋ ವಕೀಲರ ಹತ್ತಿರ ನಿಲ್ಲಬೇಡಿ. ಅದು ನಾನೇ ಆದ್ರೂ."

"ಗೆಲ್ತೀವಾ?"

"ಗೆಲ್ತೀವಿ ಅಂತ ಇವತ್ತೇ ಹೇಳೋರು ಸುಳ್ಳು ಹೇಳ್ತಾರೆ."

"ಎಷ್ಟು ದಿನ ಆಗತ್ತೆ?"

"ನಿಮ್ಮ ತಾಳ್ಮೆ ಮುಗಿದ ಮೇಲೂ ಸ್ವಲ್ಪ ದಿನ."

"ಕೇಸು ನೀವೇ ನಡೆಸ್ತೀರಾ, ಇಲ್ಲ ಬೇರೆಯವರಿಗೆ ದಾಟಿಸ್ತೀರಾ?"

"ದಾಟಿಸೋಕೆ ಇಲ್ಲಿ ಇನ್ನೊಬ್ಬರಿಗೆ ಕುರ್ಚಿ ಎಲ್ಲಿದೆ? ನಾನೇ. ಕಂಪನಿಯವರು ಏನಾದ್ರೂ ಕಾಗದ ಕೊಟ್ಟಿದ್ದಾರಾ?"

"ರಾಜಿ ಅಂತ ಒಂದು ಕೊಟ್ಟಿದ್ದಾರೆ. ಸೈನ್ ಹಾಕಿಲ್ಲ."

"ಹಾಕಬೇಡಿ. ಹಾಕಿದ ಮೇಲೆ ನಾಳೆ ಈ ಕೈ ಪೂರ್ತಿ ಬಿದ್ದುಹೋದ್ರೂ ಕೇಳೋ ಹಾಗಿರಲ್ಲ."

ಭಾವ ಗೊಣಗಿದ: "ವಕೀಲರು ಧೈರ್ಯ ಹೇಳ್ತಾರೆ ಅಂದ್ಕೊಂಡಿದ್ದೆ."

"ಧೈರ್ಯ ಬೇಕಾದ್ರೆ ಗೇಟ್ ಹತ್ರ ಇರೋರು ಹೇಳ್ತಾರೆ, ಪುಕ್ಕಟೆ" ಎಂದು ಆಕೆ ಬೆಣ್ಣೆಕೈ ಕಡೆ ತಿರುಗಿದರು. "ಈಗ ನನ್ನ ಸರದಿ. ಏನೇನು ಮಾಡಕ್ಕಾಗ್ತಿಲ್ಲ ನಿಮಗೆ?"

"ಎಲ್ಲಾ ಮಾಡ್ತೀನಿ ಮೇಡಂ."

"ಸರಿ. ಗಿರಾಕಿ ಕುತ್ತಿಗೆ ಹತ್ತಿರ ಹೇಗೆ ಹಿಡೀತೀರೋ ಹಾಗೆ ಕೈ ಎತ್ತಿ ಹಿಡೀರಿ. ನಾನು ಹೇಳೋವರೆಗೂ ಇಳಿಸಬೇಡಿ."

ಕೆಳಗೆ ಯಾರೋ ಚಕ್ರ ತಿರುಗಿಸುತ್ತಿದ್ದರು. ಆ ಸದ್ದು ನಿಲ್ಲುವ ಹೊತ್ತಿಗೆ ನಡುಕ ಬೆರಳಿಗಿಳಿದಿತ್ತು. ಹೆಂಡತಿ ಕಿಟಕಿಯಾಚೆ ನೋಡಿದಳು.

"ಇಳಿಸಿ. ಇದನ್ನ ನೀವು ಕೋರ್ಟಿನಲ್ಲಿ ಬಾಯಿಬಿಟ್ಟು ಹೇಳಬೇಕು. ಆಸ್ಪತ್ರೆಯಲ್ಲಿ ಚೆನ್ನಾಗಿದ್ದೀನಿ ಅಂದಿದ್ದೀರಿ, ಅದೂ ಹೊರಗೆ ಬರತ್ತೆ."

"ಗುಟ್ಟಾಗಿ ಹೇಳೋ ಹಾಗಿದ್ಯಾ?"

"ಇಲ್ಲ."

"ಮೇಡಂ, ನಡುಗೋ ಕೈಗೆ ಕುತ್ತಿಗೆ ಕೊಡೋರು ಯಾರು? ಕೇಸು ಗೆದ್ರೆ ಒಂದ್ಸಲ ದುಡ್ಡು ಬರತ್ತೆ. ಅಂಗಡಿ ಹೋದ್ರೆ ಹೋದ ಹಾಗೇ."

ಆಕೆ ಸಮಾಧಾನ ಹೇಳಲಿಲ್ಲ. "ನಡುಗಲ್ಲ ಅಂದ್ರೆ ಪರಿಹಾರ ಯಾಕೆ ಅಂತಾರೆ. ನಡುಗತ್ತೆ ಅಂದ್ರೆ ಗಿರಾಕಿ ಹೋಗ್ತಾನೆ. ಎರಡೂ ನನಗೆ ಗೊತ್ತು. ಯೋಚನೆ ಮಾಡ್ಕೊಂಡು ಬನ್ನಿ. ಬಂದ್ರೆ ಒಂದು ಮಾತು. ಕಂಪನಿಯವರು ನಿಮ್ಮ ಕೈ ನೋಡೋಕೆ ಅಂಗಡಿಗೆ ಯಾರನ್ನಾದ್ರೂ ಕಳಿಸಬಹುದು. ನಡುಗದ ಕಡೆ ನಡುಗಿಸಬೇಡಿ, ನಡುಗೋ ಕಡೆ ಮುಚ್ಚಬೇಡಿ. ನಾಟಕ ಆಡಿದ್ರೆ ಕೇಸು ವಾಪಸ್ ಕೊಡ್ತೀನಿ."

ಅತ್ತ ದರಿ, ಇತ್ತ ಪುಲಿ. ಎಂಥ ಚೆಂದದ ಏರ್ಪಾಡು ನೋಡಿ. ಗುದ್ದಿದವನು ಏನನ್ನೂ ಒಪ್ಪಿಕೊಳ್ಳಬೇಕಾಗಿಲ್ಲ. ಗುದ್ದಿಸಿಕೊಂಡವನು ಮಾತ್ರ ಊರಿಗೆಲ್ಲ ಕೇಳಿಸುವಂತೆ ತನ್ನ ಮರ್ಯಾದೆಯನ್ನು ಬಿಚ್ಚಿ ಮೇಜಿನ ಮೇಲಿಡಬೇಕು. ಅವನು ಹಲವು ದಿನ ಯೋಚಿಸಿದ. ಕೊನೆಗೆ ಹೆಂಡತಿ ಹೇಳಿದ ಮಾತಿಗೆ ಹೊರಟ: "ಇವತ್ತಲ್ಲ ನಾಳೆ ಯಾರದ್ದಾದ್ರೂ ಕುತ್ತಿಗೆ ಕೊಯ್ದು ಎಲ್ಲರಿಗೂ ಗೊತ್ತಾಗೋದಕ್ಕಿಂತ, ನೀವೇ ಹೇಳೋದು ವಾಸಿ." ಕೇಸು ಹಾಕಿದರು. ಆದರೆ ಅಂಗಡಿಯಲ್ಲಿ ಹೇಳುವ ಧೈರ್ಯ ಬಂದಿರಲಿಲ್ಲ. ಕೋರ್ಟಿನಲ್ಲಿ ಹೇಳಿದ್ದು ಬೀದಿಗೆ ಬರಲಾರದು ಎಂಬ ಆಸೆ ಇನ್ನೂ ಇತ್ತು.

ರಜಾ ದಿನದ ಬೆಳಿಗ್ಗೆ. ಬೆಂಚಿನ ಮೇಲೆ ಇಬ್ಬರು ಕಾಯುತ್ತಿದ್ದರು. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರು, ಅಂಗಡಿ ತೆರೆದ ದಿನದಿಂದಲೂ ಬರುವವರು. ಇನ್ನೊಬ್ಬ ಬಾಯಾಳಿ ಲಾರಿ ಡ್ರೈವರು. ಕುರ್ಚಿಯಲ್ಲಿ ಕೂತವನು ಹೊಸಬ.

"ಮಿಷನ್ ಬೇಡ" ಎಂದ ಹೊಸಬ. "ಹೆಸರು ಕೇಳ್ಕೊಂಡು ಬಂದಿದ್ದೀನಿ. ಕತ್ತೀಲೇ ಆಗಲಿ."

"ಹಾಕಪ್ಪಾ" ಎಂದ ಡ್ರೈವರು. "ನಮ್ಮ ಗಡ್ಡ ಕಂಡ್ರೆ ಸಾಣೆಗೆ ಓಡೋ ಕತ್ತಿ, ಅವರಿಗಾದ್ರೂ ದರ್ಶನ ಕೊಡಲಿ."

ಹೊಸಬ ಹಾಡು ಕೇಳುತ್ತೇನೆಂದು ಫೋನನ್ನು ಪೌಡರ್ ಡಬ್ಬಿಗೆ ಒರಗಿಸಿಟ್ಟ. ಹಾಡು ಬರಲಿಲ್ಲ.

ಬೆಣ್ಣೆಕೈ ನೊರೆ ಹಚ್ಚಿದ. ಬಲಗೆನ್ನೆ ಮುಗಿಯಿತು. ಎಡಗೆನ್ನೆ ಮುಗಿಯಿತು. ಮೊಣಕೈ ಊರಿದ್ದರಿಂದ ಕೈ ಮಾತು ಕೇಳಿತ್ತು. ಕುರ್ಚಿ ಹಿಂದಕ್ಕೆ ಬಾಗಿಸಿ ಗದ್ದ ಮೇಲೆತ್ತಿದ. ಕುತ್ತಿಗೆಗೆ ಬಂದರೆ ಊರಲು ಜಾಗವಿಲ್ಲ, ಕೈ ಗಾಳಿಯಲ್ಲೇ ನಿಲ್ಲಬೇಕು. ಭುಜದೊಳಗೆ ಅದು ಕದಲಿದ್ದು ತಿಳಿಯಿತು.

ಕಣ್ಣು ಮುಚ್ಚಿಕೊಂಡೇ ಹೊಸಬ ಕೇಳಿದ: "ಈಗ ಕೈ ಹೇಗಿದೆ?"

ಕೈಯ ವಿಷಯವನ್ನು ಯಾರೂ ಅವನಿಗೆ ಹೇಳಿರಲಿಲ್ಲ.

ಬೆಣ್ಣೆಕೈ ಕನ್ನಡಿಯಲ್ಲಿ ಫೋನು ನೋಡಿದ, ಬೆಂಚು ನೋಡಿದ. ಮ್ಯಾನೇಜರು ತಲೆಯೆತ್ತಿ ಇವನ ಕೈಯನ್ನೇ ನೋಡುತ್ತಿದ್ದರು. ಉಸಿರು ಬಿಗಿಹಿಡಿದು ಕಿರುಬೆರಳು ಆನಿಸಿದರೆ ಮುಗಿಸಿಬಿಡಬಹುದಿತ್ತು. ಮುಗಿಸಿದರೆ ಬೆಂಚಿನವರು ಉಳಿಯುತ್ತಾರೆ, ಕೇಸು ಹೋಗುತ್ತದೆ. ಮುಗಿಸಲಾಗದಿದ್ದರೆ ಕತ್ತಿಯ ಕೆಳಗೆ ಇರುವುದು ಒಬ್ಬ ಮನುಷ್ಯನ ಗಂಟಲು. ಅವನು ಎಂಥವನೇ ಆಗಲಿ, ಗಂಟಲು ಗಂಟಲೇ. 'ಚೆನ್ನಾಗಿದೆ ಸಾರ್' ಎಂಬ ಮಾತು ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂತು. ಕತ್ತಿಯ ಅಲಗು ಚರ್ಮಕ್ಕೆ ತಾಗಿತು. ನೊರೆಯಲ್ಲಿ ಒಂದು ಸಣ್ಣ ಡೊಂಕು ಗೀರು ಮೂಡಿತು. ಇನ್ನೂ ರಕ್ತವಿರಲಿಲ್ಲ.

ಅವನು ಕತ್ತಿ ಎತ್ತಿ ಮಡಚಿದ.

"ಇಲ್ಲಿಂದ ಕೆಳಗೆ ನನ್ನ ಕೈಲಿ ಆಗಲ್ಲ ಸಾರ್. ಕೈ ನಡುಗತ್ತೆ. ವ್ಯಾನ್ ಗುದ್ದಿದಾಗಿಂದ."

ಹೊಸಬ ಎದ್ದು ಕೂತು ಕುತ್ತಿಗೆ ತಡವಿಕೊಂಡ, ಬೆರಳು ನೋಡಿಕೊಂಡ, ನೊರೆ ಒರೆಸಿಕೊಂಡು ಫೋನು ಜೇಬಿಗಿಳಿಸಿ ಹೊರಟುಹೋದ. ಮ್ಯಾನೇಜರು, "ಸಾಯಂಕಾಲ ಬರ್ತೀನಿ ಕಣಪ್ಪಾ" ಎಂದು ಚಪ್ಪಲಿ ಮೆಟ್ಟಿದರು. ಆ ಸಾಯಂಕಾಲ ಇನ್ನೂ ಬಂದಿಲ್ಲ. ಡ್ರೈವರು ಮಾತ್ರ ಕುರ್ಚಿಗೆ ಬಂದು ಕೂತ. "ತಲೆ ಮಾಡು. ಕುತ್ತಿಗೆ ಬೇಡ, ಅದು ನನ್ನ ಹೆಂಡತಿಗೆ ಮೀಸಲು." ಬೆಣ್ಣೆಕೈಗೆ ನಗು ಬಂತು. ಆದರೆ ಕತ್ತರಿ ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

ವಿಚಾರಣೆಯ ದಿನ ಎದುರು ಪಕ್ಷದ ವಕೀಲರು ಆ ಹೊಸಬನ ಫೋನಿನ ವಿಡಿಯೊ ತೋರಿಸಿದರು. ಬಲಗೆನ್ನೆ, ಎಡಗೆನ್ನೆ, ನಯವಾಗಿ ಇಳಿಯುವ ಕತ್ತಿ. ಕುರ್ಚಿ ಬಾಗುವಲ್ಲಿಗೆ ಚಿತ್ರ ಮುಗಿಯಿತು. ಉಳಿದದ್ದು ಎಲ್ಲಿ ಎಂದು ವಕೀಲೆ ಕೇಳಿದರೆ, ಫೋನಿನ ಚಾರ್ಜು ಮುಗಿಯಿತಂತೆ.

"ಇಷ್ಟು ಚೆನ್ನಾಗಿ ಕೆಲಸ ಮಾಡ್ತೀರಲ್ಲ, ನಡುಕ ಎಲ್ಲಿದೆ?" ಎಂದು ಎದುರು ವಕೀಲರು ಕೇಳಿದರು.

ಬೆಣ್ಣೆಕೈ ತುಂಬಿದ ಕೋರ್ಟಿನಲ್ಲಿ, ಹಿಂದಿನ ಸಾಲಿಗೂ ಕೇಳುವಂತೆ ಹೇಳಿದ: "ಗದ್ದದ ಕೆಳಗೆ ಆಗಲಿಲ್ಲ ಸ್ವಾಮಿ. ಅಲ್ಲಿ ನಡುಗಿತು. ನಿಲ್ಲಿಸಿದೆ."

"ಕಂಡವರು ಯಾರಿದ್ದಾರೆ?"

ಕಂಡವರು ಇಬ್ಬರಿದ್ದಾರೆ. ನ್ಯಾಯಾಧೀಶರು ಅವರನ್ನು ಕರೆತರಲು ಇನ್ನೊಂದು ದಿನ ಕೊಟ್ಟಿದ್ದಾರೆ. ವಕೀಲೆ ಇಬ್ಬರ ಮನೆಗೂ ಹೋಗಿ ಬಂದರು. ಒತ್ತಾಯದಿಂದ ಕರೆಸಬಹುದು, ಒತ್ತಾಯಕ್ಕೆ ಬಂದವನು ಮರೆತುಹೋಯಿತು ಎಂದರೆ ಕಥೆ ಅಲ್ಲಿಗೆ ಮುಗಿಯಿತು ಎನ್ನುತ್ತಾರೆ ಆಕೆ. ಲಾರಿಯವನು ಅದೇ ಗೋದಾಮಿನ ಸರಕು ಸಾಗಿಸುತ್ತಾನೆ. "ನನ್ನ ಹೊಟ್ಟೆಗೆ ಕಲ್ಲು ಹಾಕಬೇಡಿ ಮೇಡಂ" ಎಂದ, ತಮಾಷೆ ಮಾಡಲಿಲ್ಲ. ಮ್ಯಾನೇಜರು ಬಾಗಿಲು ಅರ್ಧವೇ ತೆರೆದು, "ಈ ವಯಸ್ಸಿನವರೆಗೂ ಕೋರ್ಟ್ ಮೆಟ್ಟಿಲು ಹತ್ತಿದವನಲ್ಲ ನಾನು" ಎಂದರು, ದೊಡ್ಡ ಸಾಧನೆ ಹೇಳಿಕೊಂಡ ಹಾಗೆ.

ಈಗ ಅಂಗಡಿಯ ಬೆಂಚು ಬಹುಪಾಲು ಖಾಲಿ. ನಿಜ ಹೇಳಿದ್ದಕ್ಕೆ ಗಿರಾಕಿ ಹೋದ. ಹೇಳಿದ್ದು ನಿಜ ಎನ್ನಲು ಜನವಿಲ್ಲದ್ದಕ್ಕೆ ಪರಿಹಾರವೂ ಹೋಗುವ ಹಾದಿಯಲ್ಲಿದೆ. ಹೆಂಡತಿ ಗುಂಡಿ ಹಚ್ಚುವ ಕೆಲಸವನ್ನು ಮನೆಗೂ ತರುತ್ತಿದ್ದಾಳೆ.

ಲಾರಿಯವನಿಗೆ ಹೊಟ್ಟೆಪಾಡಿದೆ, ಅವನ ಮೇಲೆ ಕೂಗಾಡಲು ನನಗೆ ಬಾಯಿ ಬರುವುದಿಲ್ಲ. ಮ್ಯಾನೇಜರ್ ಸಾಹೇಬರೇ, ನಿಮಗೆ ಪಿಂಚಣಿಯಿದೆ, ಕಣ್ಣು ಚೆನ್ನಾಗಿದೆ, ನೆನಪೂ ಚೆನ್ನಾಗಿದೆ. ಇಷ್ಟು ವರ್ಷ ನಿಮ್ಮ ಕುತ್ತಿಗೆಯನ್ನು ಅವನ ಕೈಯಲ್ಲಿಟ್ಟಿರಿ. ಒಂದು ಮಾತನ್ನು ಅವನ ಪರವಾಗಿ ಇಡಲಾರಿರಾ? ಮತ್ತೆ ಓದುಗರೇ, ನಾನು ಆ ಅಂಗಡಿಯಲ್ಲಿರಲಿಲ್ಲ ಎಂದು ಪುಟ ತಿರುಗಿಸಬೇಡಿ. ಎಲ್ಲೋ ಒಂದು ಓಣಿಯಲ್ಲಿ ಗಾಡಿ ಹಿಂದಕ್ಕೆ ಬಂದದ್ದನ್ನು ನೀವೂ ಕಂಡಿದ್ದೀರಿ, ನಮಗ್ಯಾಕೆ ಎಂದು ನಡೆದುಬಿಟ್ಟಿದ್ದೀರಿ. ಏಟು ತಿಂದವನು ಯಾರೆಂದು ಹುಡುಕಿ, ಅವನ ವಕೀಲರ ಮೆಟ್ಟಿಲು ಹತ್ತಿ, ಕಂಡದ್ದನ್ನು ಕಂಡ ಹಾಗೆ ಹೇಳಿ, ಕೆಳಗೆ ನಿಮ್ಮ ಹೆಸರು ಬರೆದು ಬನ್ನಿ.