ಸೀರೆ ಅಂಗಡಿಯ ಬ್ಲಾಗಿಗೆ ಓದುಗರು ಬಂದದ್ದು

ಬನಹಟ್ಟಿಯ ನಮ್ಮ ಚಿಗವ್ವನ ಮನೆಯಲ್ಲಿ ಕಂಪ್ಯೂಟರಿಗೆ ಸದಾ ಹಳೆಯ ಸೀರೆಯ ತುಂಡೊಂದು ಹೊದಿಕೆ. ಮಗ್ಗದ ಮನೆಯ ಹತ್ತಿಧೂಳು ಹಾಲಿನ ಪಾತ್ರೆಯನ್ನೇ ಬಿಡುವುದಿಲ್ಲ, ಇನ್ನು ಕಂಪ್ಯೂಟರನ್ನು ಬಿಟ್ಟೀತೇ? ಕಚೇರಿ ಮುಗಿಸಿ ಬಂದು ಆ ತುಂಡನ್ನು ಸರಿಸಿ, ಚಿಗವ್ವನ ಗಂಡ, ಅಂದರೆ ನಮ್ಮ ಕಾಕಾನ ಸೀರೆ ಅಂಗಡಿಗಾಗಿ ನಾನು ಬ್ಲಾಗು ಬರೆಯುತ್ತಿದ್ದೆ. ಗಿರಾಕಿಗಳು ಕಡಿಮೆಯಾಗಿ, ಚಿಗವ್ವ ನೇಯುತ್ತಿದ್ದ ಒಂದೇ ಒಂದು ಕೈಮಗ್ಗವನ್ನೂ ಕಳಚಿಬಿಡೋಣವೆಂದು ಕಾಕಾ ಯೋಚಿಸುತ್ತಿದ್ದ ದಿನಗಳವು. ಹೊರ ಊರಿನವರು ಓದಿದರೆ ಮಗ್ಗ ಉಳಿದೀತೆಂಬ ಆಸೆ ನನ್ನದು.

'ಮನಮೋಹಕ ವಿನ್ಯಾಸ, ಅಪ್ರತಿಮ ಗುಣಮಟ್ಟ' ಎಂದು ಪುಟಗಟ್ಟಲೆ ಬರೆದೆ. ಓದುಗರೆಂದರೆ ನಾನು, ನನ್ನ ಗಂಡ, ಮತ್ತು ಆಗಲೇ ಓದಿದ್ದನ್ನು ಮರೆತು ಇನ್ನೊಮ್ಮೆ ತೆರೆದ ನಾನು! ಕೊನೆಗೊಂದು ದಿನ, ನಾಲ್ಕು ಜನರನ್ನು ಸೆಳೆಯುವ ಹಂಬಲದಲ್ಲಿ, ವಿದ್ಯುತ್ ಮಗ್ಗದ ಕೆಂಪು ದಡಿಯ ಸೀರೆಯೊಂದರ ಚಿತ್ರ ಹಾಕಿ, ನಮ್ಮ ಚಿಗವ್ವ ಕೈಯಾರೆ ನೇಯ್ದದ್ದು ಎಂದುಬಿಟ್ಟೆ. ಮೆಚ್ಚುಗೆಗಳು ಬಂದವು. ಮುಧೋಳದ ಶಾಲೆಯ ಶಿಕ್ಷಕಿಯೊಬ್ಬರು ಆ ಸೀರೆಯನ್ನೇ ತರಿಸಿಕೊಂಡರು.

ಹಿಗ್ಗಿನಲ್ಲಿ ಚಿಗವ್ವನನ್ನು ಕರೆದು ತೋರಿಸಿದೆ. ಅವಳು ಕನ್ನಡಕ ಏರಿಸಿ ನಿಧಾನವಾಗಿ ಓದಿದಳು.

"ಇದಕ ನನ್ನ ಕೈನ ಹತ್ತಿಲ್ಲಲ್ಲ ಯವ್ವಾ. ನನ್ನ ಹೆಸರ ಯಾಕ ಹಾಕೀದಿ?"

ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ಯಾರು ಕೇಳುತ್ತಾರೆ, ಸುಮ್ಮನಿದ್ದರಾಯಿತು ಎಂದ ಕಾಕಾ. ಚಿಗವ್ವ ಎರಡು ದಿನ ಮಗ್ಗದ ಕುಣಿಗೆ ಇಳಿಯಲಿಲ್ಲ. ಲಾಳಿಯ ಸದ್ದಿಲ್ಲದ ಆ ಮನೆಯಲ್ಲಿ ಗಡಿಯಾರದ ಟಿಕ್ ಟಿಕ್ ಮೊದಲ ಬಾರಿ ನನಗೆ ಕೇಳಿಸಿತು.

ಮೂರನೆಯ ದಿನ ಇದ್ದದ್ದನ್ನು ಇದ್ದಂತೆ ಬರೆದೆ. ಸೀರೆ ವಿದ್ಯುತ್ ಮಗ್ಗದ್ದು, ಸುಳ್ಳು ನನ್ನದು ಎಂದೆ. ಮರಳಿಸಬಹುದೆಂದು ಶಿಕ್ಷಕಿಗೂ ಕಾಗದ ಹಾಕಿದೆ. ಮೊದಲ ಪ್ರತಿಕ್ರಿಯೆ ಚುಚ್ಚುವಂತಿತ್ತು. ಎರಡನೆಯದು ಒಂದು ಪ್ರಶ್ನೆ: ಹಾಗಾದರೆ ಕೈಮಗ್ಗದ್ದನ್ನು ಗುರುತಿಸುವುದು ಹೇಗೆ? ಎಳೆ ಅಲ್ಲಲ್ಲಿ ತುಸು ಸೊಟ್ಟ ಇದ್ದರೆ ಅದು ಕೈಯದ್ದು ಎಂದು ಚಿಗವ್ವ ಹೇಳಿದಳು, ನಾನು ಬರೆದೆ. ಮರುವಾರ ಜಮಖಂಡಿಯಿಂದ, ಆಮೇಲೆ ಪುಣೆಯಿಂದ ಪ್ರಶ್ನೆಗಳು ಬಂದವು. ಬಣ್ಣ ಬಿಡುವುದೇಕೆ, ಮೊದಲ ಸಲ ಒಗೆಯುವುದು ಹೇಗೆ, ಅವ್ವನ ಹಳೆಯ ಸೀರೆಯನ್ನು ಮಡಿಸಿಡುವುದು ಹೇಗೆ? ನನ್ನ 'ಮನಮೋಹಕ', 'ಅಪ್ರತಿಮ'ಗಳೆಲ್ಲ ಒಂದೊಂದಾಗಿ ಉದುರಿಹೋದವು. ಓದುಗರನ್ನು ಸೆಳೆಯಬೇಕೆನ್ನುತ್ತೇವಲ್ಲ, ಗೆಳೆಯರೇ, ನೂಲಿನೆಳೆಯ ಗುಣ ನಿಮಗೂ ಗೊತ್ತು: ಜಗ್ಗಿದರೆ ಹರಿಯುತ್ತದೆ, ಕೈ ಸಡಿಲಿಸಿದರೆ ತಾನಾಗಿ ಬರುತ್ತದೆ.

ಒಂದು ಭಾನುವಾರ ಮುಧೋಳದ ಬಸ್ಸಿಳಿದು ಆ ಶಿಕ್ಷಕಿಯೇ ಬಂದರು, ಅದೇ ಕೆಂಪು ದಡಿಯ ಸೀರೆ ಉಟ್ಟುಕೊಂಡು. ನನಗೆ ಮುಖ ಎತ್ತಲಾಗಲಿಲ್ಲ.

"ವಾಪಸ್ ಕೊಡಾಕ ಬಂದಿಲ್ರಿ, ಇದು ನನ್ನ ಮನಸ್ಸಿಗೆ ಸೇರೇತಿ," ಎಂದರು. "ಖರೆ ಹೇಳಿದವ್ರನ್ನ ಒಮ್ಮೆ ನೋಡಬೇಕಿತ್ತು."

ಅವರು ನೋಡುತ್ತಿದ್ದುದು ನನ್ನನ್ನು. ನಾನು ಚಿಗವ್ವನನ್ನು ತೋರಿಸಿದೆ.

ಚಹಾ ಆದಮೇಲೆ ಅವರಿಗೆ ಮಗ್ಗ ನೋಡುವ ಆಸೆಯಾಯಿತು. ಚಿಗವ್ವ ಅವರನ್ನು ತನ್ನ ಜಾಗದಲ್ಲೇ ಕೂರಿಸಿ, ಲಾಳಿ ಓಡಿಸುವುದನ್ನು ಕಲಿಸಿದಳು. ನಾಲ್ಕು ಸಲ ಓಡಿತು. ನಾಲ್ಕು ಎಳೆಯೂ ಸೊಟ್ಟ. ಬಾಗಿಲಲ್ಲಿ ನಿಂತಿದ್ದ ಕಾಕಾ ನಕ್ಕುಬಿಟ್ಟ. ಮಗ್ಗ ಕಳಚುವ ಮಾತನ್ನು ಅವನು ಆಮೇಲೆ ಎತ್ತಲೇ ಇಲ್ಲ, ಮುಂದಿನ ಸೀರೆಗೆ ಬೇಕಾದ ನೂಲನ್ನು ಮರುದಿನ ತಾನೇ ಹೊತ್ತು ತಂದ.

ಅಂದು ಶಿಕ್ಷಕಿ ಮಾತ್ರ ನಾಚಿ, ಕೆಡಿಸಿಬಿಟ್ಟೆ, ಬಿಚ್ಚಿಬಿಡಿ ಎಂದು ಮೇಲೆದ್ದರು.

"ಇರಲಿ ಬಿಡ್ರಿ ಅಕ್ಕೋರ," ಎಂದಳು ಚಿಗವ್ವ, "ಕೈಲೇ ಮಾಡಿದ್ದೋ ಅಲ್ಲೋ ಅಂತ ಇನ್ನ ಯಾರೂ ಕೇಳೂದಿಲ್ಲ." ಮತ್ತೆ ತನ್ನ ಜಾಗಕ್ಕೆ ಇಳಿದು, ಆ ನಾಲ್ಕು ಎಳೆಗಳನ್ನು ಬೆರಳಿಂದ ಒಮ್ಮೆ ಸವರಿ, ಐದನೆಯದನ್ನು ನೇಯ್ದಳು.