ವೈಜಿನಾಥನ ಕ್ಯಾಸೆಟ್ಟಿನ ಪೇಢೆ

ಗೆಳೆಯರೇ, ಇವತ್ತು ಹುಮನಾಬಾದಿಗೆ ಹೋಗಿ, ಹೊಟ್ಟೆಕಿಚ್ಚು ಹೊತ್ತುಕೊಂಡು ಬಸವಕಲ್ಯಾಣಕ್ಕೆ ವಾಪಸ್ ಬಂದಿದ್ದೇನೆ.

ಕಾಲೇಜು ಗೆಳೆಯ ವೈಜಿನಾಥನಿಗೆ ಅವನ ಸೋದರಮಾವ ಬೊಂಬಾಯಿಯಿಂದ ಕ್ಯಾಸೆಟ್ ತಂದುಕೊಟ್ಟಿದ್ದಾರೆ. ನಾನು ಪ್ರಾಣ ಬಿಡುವ ಆ ವಿಲಾಯತಿ ರಾಕ್ ಬ್ಯಾಂಡಿನ ಕೊನೆಯ ವರ್ಷಗಳ ಆಯ್ದ ಹಾಡುಗಳು! ಆ ಕಾಲದ ಒಂದೊಂದು ಕ್ಯಾಸೆಟ್ಟಿಗೂ ನಾನು ಸೊಲ್ಲಾಪುರ, ಹೈದರಾಬಾದ್ ಅಂತ ಅಲೆದವನು. ಇವನಿಗೆ ಎಲ್ಲವೂ ಒಂದರಲ್ಲೇ, ಕೂತಲ್ಲೇ ಸಿಕ್ಕಿತು.

ಮನೆಗೆ ಹೊಸ ಎಮ್ಮೆ ಬಂದಾಗ ಮಾಡುವ ಹಾಗೆ ಕ್ಯಾಸೆಟ್ಟಿಗೆ ಕುಂಕುಮ ಹಚ್ಚಿ, ಓಣಿಗೆಲ್ಲ ಪೇಢೆ ಹಂಚಿದ್ದರು. ಅವನ ಅವ್ವ ನನ್ನ ಕೈಗೂ ಒಂದು ಕೊಟ್ಟು, "ನಮ್ಮ ವೈಜುಗ ಇಂಗ್ಲಿಷ್ ಹಾಡ ಭಾಳ ತಿಳೀತಾವಪ್ಪಾ. ನೀನೂ ಕೂತು ಕೇಳು, ಕಲೀತಿ" ಅಂದರು.

ಅವನಿಗೆ ಆ ಬ್ಯಾಂಡಿನ ಹೆಸರು ಹೇಳಿಕೊಟ್ಟವನೇ ನಾನು! ಆದರೂ ಪೇಢೆ ನುಂಗಿ ಹಾಡು ಕೇಳಲು ಕೂತೆ.

ಎರಡೂ ಬದಿ ಮುಗಿದವು. ನನಗೆ ಎಲ್ಲಕ್ಕಿಂತ ಇಷ್ಟವಾದ ಹಾಡು ಬರಲೇ ಇಲ್ಲ. ಜೀವಕ್ಕೆ ತಂಪಾಯಿತು.

"ವೈಜು, ಅವರ ಎಲ್ಲಾಕಿಂತ ಛಲೋ ಹಾಡೇ ಇದರಾಗ ಇಲ್ಲಲ್ಲೋ. ಅದು ನನ್ನ ಬಲ್ಲಿ ಅದ" ಅಂದೆ.

ಅವನು ಕ್ಯಾಸೆಟ್ಟಿನಿಂದ ಟೇಪ್ ರೆಕಾರ್ಡರಿಗೆ ಮೆತ್ತಿದ್ದ ಕುಂಕುಮ ಒರೆಸುತ್ತಾ, "ಛಲೋ ಇದ್ದಿದ್ರ ಅವ್ರೇ ಹಾಕ್ತಿದ್ದಿಲ್ಲೇನು?" ಅಂದ.

"ಹೌದಲ್ಲ ಮತ್ತ!" ಅಂದರು ಅವ್ವ.

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನನಗೆ ಸಿಟ್ಟು ಬಂದದ್ದು ವೈಜಿನಾಥನ ಮೇಲಲ್ಲ, ಆ ಬ್ಯಾಂಡಿನವರ ಮೇಲೆ. ಹಾಡು ಆರಿಸುವ ಮೊದಲು ಬಸವಕಲ್ಯಾಣದಲ್ಲಿರುವ ನನ್ನನ್ನೊಂದು ಮಾತು ಕೇಳಬಾರದಿತ್ತೇ?