ಕಣ್ಣೀರಕ್ಕನಿಗೆ ಬಂದ ನಗು

ಧಾರಾವಾಹಿಯ ನಾಯಕಿ ಮುಖ ಸಣ್ಣಗೆ ಮಾಡುತ್ತಿದ್ದಳಷ್ಟೇ. ನಿಜವಾಗಿ ಅಳುತ್ತಿದ್ದವಳು ನಮ್ಮ ಕಣ್ಣೀರಕ್ಕ. ಡಬ್ಬಿಂಗ್ ಕೋಣೆಯಲ್ಲಿ ಅವಳದು ನಾಯಕಿಯ ದನಿ, ನನ್ನದು ಅತ್ತೆಯ ದನಿ. ಐದು ವರ್ಷ ಅವಳನ್ನು ಬಾಯಿಗೆ ಬಂದಂತೆ ಬೈದು, ಆಮೇಲೆ ಒಂದೇ ಡಬ್ಬಿಯಲ್ಲಿ ಉಂಡವಳು ನಾನು.

ಕಥೆಯಲ್ಲಿ ನಾಯಕಿಯ ಮಗು ಸತ್ತ ವರ್ಷವೇ ಅಕ್ಕನ ಮಗಳು, ಹನ್ನೊಂದರ ಹುಡುಗಿ, ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಅಕ್ಕ ಮನೆಯಲ್ಲಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ಅತ್ತಿದ್ದೆಲ್ಲ ಮೈಕಿನ ಮುಂದೆ. ಸಂಜೆ ಏಳಕ್ಕೆ ಭಾವ ಟೀವಿ ಹಾಕಿಕೊಂಡು ಹೆಂಡತಿಯ ಅಳು ಕೇಳುತ್ತಿದ್ದರು.

ಈಗ ಎರಡನೇ ಭಾಗ ಬಂತು. ನಾಯಕಿಯ ಮನಸ್ಸಿನ ಗಾಯ ಮಾಗಿದೆಯಂತೆ, ಹೊಸ ಬದುಕಂತೆ. ಬರೆಯುವವರಿಗೇನು, ಎರಡು ಸಾಲಿನಲ್ಲಿ ಗಾಯ ಮಾಗುತ್ತದೆ. ನನ್ನ ಅತ್ತೆಗೂ ಒಳ್ಳೆಯ ಬುದ್ಧಿ ಬಂದಿತ್ತು; ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಮೊದಲ ಕಂತಿನಲ್ಲೇ ಸೊಸೆ ಅಡುಗೆಮನೆಯಲ್ಲಿ ನಿಂತು ಮನಸಾರೆ ನಗಬೇಕು.

ಅಕ್ಕನಿಗೆ ನಗು ಬರಲಿಲ್ಲ. ಹದಿನಾಲ್ಕು ಸಲ ತೆಗೆದರು. ಪ್ರತಿ ಸಲವೂ ನಗುವಿನ ಕೊನೆಗೆ ಅಳು ಅಂಟಿಕೊಂಡು ಬಂತು.

“ಅಕ್ಕಾ, ಮಧ್ಯಾಹ್ನದೊಳಗೆ ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಕರೆಸ್ತಾರಂತೆ. ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ,” ಎಂದ ರೆಕಾರ್ಡಿಂಗ್ ಮಾಡುವವನು.

“ಐದು ವರ್ಷ ಅಳಿಸಿದೋರಿಗೆ ಐದು ನಿಮಿಷ ಕಾಯೋಕಾಗಲ್ವಾ?” ಎಂದು ನಾನು ರೇಗಿದೆ. ಆ ಮೈಕು ಹೋದರೆ ಅಕ್ಕನಿಗೆ ಅಳಲು ಬೇರೆ ಜಾಗವಿಲ್ಲ. ನನಗೆ ಭಯವಾಗಿತ್ತು.

ನಮ್ಮ ಕೆಲಸದಲ್ಲಿ ಮೊದಲು ಹಿಡಿಯುವುದು ಉಸಿರು. ತೆರೆಯ ಮೇಲಿನವಳ ಭುಜ ಏರಿದಾಗ ನಾವೂ ಉಸಿರೆಳೆಯಬೇಕು. ದನಿ ಅದರ ಹಿಂದೆಯೇ ಬರುತ್ತದೆ. ಅಕ್ಕ ಅಂದು ಗಾಬರಿಯಲ್ಲಿ ಬರೀ ಬಾಯಿ ನೋಡುತ್ತಿದ್ದಳು. ಹದಿನೈದನೇ ಸಲ ಭುಜ ನೋಡಿದಳು. ನಗುವ ಮೊದಲು ಅದು ಎರಡು ಸಲ ಏರಿತು. ಅಕ್ಕನೂ ಎರಡು ಸಲ ಉಸಿರೆಳೆದಳು. ನಕ್ಕಳು.

ಅದು ಅಕ್ಕನ ನಗುವಲ್ಲ. ಹಾಗೆ ಎರಡು ಸಲ ಉಸಿರೆಳೆದುಕೊಂಡು ಕಿಲಕಿಲ ನಗುತ್ತಿದ್ದವಳು ಅವಳ ಮಗಳು. ನನ್ನ ತೊಡೆಯ ಮೇಲೆ ಆಡಿ ಬೆಳೆದ ಕೂಸು, ನನಗೆ ಗೊತ್ತಾಗದೇ?

“ಇದೇ ನಗು! ಇನ್ಮೇಲೆ ದಿನಾ ಇದೇ ಬೇಕು,” ಎಂದು ಅವನು ಚಪ್ಪಾಳೆ ತಟ್ಟಿದ.

ಅಕ್ಕ ಹೆಡ್‌ಫೋನ್ ತೆಗೆದಿಟ್ಟಳು. “ನಿನಗೂ ಕೇಳಿಸ್ತಾ?”

“ಕೇಳಿಸ್ತು.”

“ನಿಮ್ಮ ಭಾವನಿಗೆ ಹೇಳ್ಬೇಡ ಕಣೇ.”

ಮೊದಲ ಕಂತು ಬಂದ ಸಂಜೆ ಅವರ ಮನೆಗೆ ಹೋದೆ. ಟೀವಿ ಕೆಟ್ಟಿದೆ ಎಂದು ಸುಳ್ಳು ಹೇಳಿಬಿಡಬಹುದಿತ್ತು. ಇಬ್ಬರಿಗೂ ನಾಲಗೆ ಏಳಲಿಲ್ಲ. ಭಾವ ಕಾಫಿ ಕುಡಿಯುತ್ತ ಕೂತಿದ್ದರು. ಅಡುಗೆಮನೆಯ ದೃಶ್ಯ ಬಂತು. ಆ ನಗು ಬಂತು.

ಭಾವ ಲೋಟ ಕೆಳಗಿಟ್ಟು ಎದ್ದರು. ಟೀವಿಯ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಹೋಗಿ ಮುಂಬಾಗಿಲು ತೆಗೆದರು. ಹೊರಗೆ ಯಾರೂ ಇರಲಿಲ್ಲ. ಮೆಟ್ಟಿಲ ಕಡೆ ನೋಡುತ್ತ ಬಹಳ ಹೊತ್ತು ನಿಂತರು.

“ನಾಳೆನೂ ಬರ್ತಾಳಾ?” ಎಂದರು.

ಅಕ್ಕ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಆಮೇಲೆ ಸೆರಗು ಬಿಟ್ಟು ಹೇಳಿದಳು: “ಸೋಮವಾರದಿಂದ ಶನಿವಾರ. ದಿನಾ ಏಳಕ್ಕೆ ಬರ್ತಾಳೆ.”